ಮೈತುಂಬ ಕೂದಲಿದ್ದರೂ ಚಳಿ ಚಳಿಯೇ

ಕೇಳುಗರಿಗೆಲ್ಲ ನಮಸ್ಕಾರ.

"ನಾಯಿಗೇನು, ಮೈತುಂಬ ಕೂದಲಿದೆ, ಅದಕ್ಕೆಲ್ಲಿಯ ಚಳಿ?" ಈ ಮಾತನ್ನು ನಾಯಿಯನ್ನು ಅಕ್ಕರೆಯಿಂದ ಸಾಕುವವರ ಬಾಯಲ್ಲೇ ಕೇಳಿದ್ದೇನೆ. ಇದು ಅರ್ಧ ನಿಜ. ಸೈಬೀರಿಯನ್ ಹಸ್ಕಿಯಂಥ ತಳಿಗೆ ಎರಡು ಪದರದ ಕೂದಲಿರುತ್ತದೆ. ಮೇಲಿನ ಒರಟು ಕೂದಲು ಗಾಳಿ, ನೀರನ್ನು ತಡೆದರೆ, ಒಳಗಿನ ಮೆತ್ತನೆಯ ಕೂದಲು ಮೈಯ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಥ ನಾಯಿ ಹಿಮದ ಮೇಲೂ ಸುರುಳಿ ಸುತ್ತಿಕೊಂಡು ನಿದ್ದೆ ಮಾಡೀತು. ಆದರೆ ಗ್ರೇಹೌಂಡ್, ಡಾಬರ್‌ಮನ್‌ಗಳಿಗೆ ಒಳಗೂದಲು ಇಲ್ಲವೆನ್ನುವಷ್ಟು ಕಡಿಮೆ. ಪುಟ್ಟ ತಳಿಯ ನಾಯಿಗಳು ದೊಡ್ಡ ನಾಯಿಗಳಿಗಿಂತ ಬೇಗ ತಣ್ಣಗಾಗುತ್ತವೆ. ಹುಟ್ಟಿ 2 ವಾರ ತುಂಬದ ಮರಿಗಂತೂ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ, ತಾಯಿಯ ಮಗ್ಗುಲೇ ಅದಕ್ಕೆ ಗತಿ.

ಎಂಥ ದಟ್ಟ ಕೂದಲೇ ಆಗಲಿ, ಒದ್ದೆಯಾದರೆ ಕೆಲಸಕ್ಕೆ ಬಾರದು. ಕೂದಲಿನ ನಡುವೆ ಗಾಳಿ ನಿಲ್ಲುವ ಜಾಗದಲ್ಲಿ ನೀರು ಕೂತರೆ ಬಿಸಿಯೆಲ್ಲ ಸೋರಿಹೋಗುತ್ತದೆ. ಹಾಗಾಗಿ ಚಳಿಗಾಲದಲ್ಲಿ ನಾನು ಥರ್ಮಾಮೀಟರ್‌ಗಿಂತ ಹೆಚ್ಚಾಗಿ ತೇವಕ್ಕೆ ಹೆದರುತ್ತೇನೆ. ಮಳೆಯಲ್ಲೋ ಹಿಮದಲ್ಲೋ ಓಡಾಡಿ ಬಂದ ನಾಯಿಯ ಬೆನ್ನನ್ನಷ್ಟೇ ಒರೆಸಿ ಬಿಡುವುದು ಸಾಲದು. ಹೊಟ್ಟೆಯ ಅಡಿ, ತೊಡೆಯ ಸಂದು, ಬೆರಳುಗಳ ನಡುವೆ ಒಣಬಟ್ಟೆ ಆಡಬೇಕು. ಸ್ನಾನವನ್ನು ಈ ತಿಂಗಳುಗಳಲ್ಲಿ ಆದಷ್ಟು ಕಡಿಮೆ ಮಾಡಿ. ಮಾಡಿಸಲೇಬೇಕಾದರೆ ಹಗಲು ಹೊತ್ತಿನಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ. ಬುಡದ ತನಕ ಕೂದಲು ಒಣಗುವವರೆಗೆ ಹೊರಗೆ ಬಿಡಬೇಡಿ.

ಇನ್ನು ಮಲಗುವ ಜಾಗ. ನೀವು ಮಂಚದ ಮೇಲೆ ಕಂಬಳಿ ಹೊದ್ದು ಮಲಗಿದಾಗ ನಾಯಿ ಬರಿಯ ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿರುತ್ತದೆ. ಹೊಟ್ಟೆಯ ಮೇಲೆ ಅದಕ್ಕೆ ಕೂದಲೇ ಕಡಿಮೆ. ಕಲ್ಲು, ಸಿಮೆಂಟು, ಟೈಲ್ಸ್ ಯಾವುದಾದರೂ ರಾತ್ರಿಯಿಡೀ ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಹಾಸಿಗೆಯನ್ನು ನೆಲದಿಂದ ನಾಲ್ಕು ಬೆರಳಾದರೂ ಎತ್ತರಿಸಿ, ಬಾಗಿಲ ಸಂದಿಯ ಗಾಳಿಗೆ ಅಡ್ಡವಾಗದ ಮೂಲೆಯಲ್ಲಿ ಹಾಕಿ. ಆಗಾಗ ಹಾಸಿಗೆಯ ಕೆಳಗೆ ಕೈಯಿಟ್ಟು ನೋಡಿ. ಮೇಲೆ ಬೆಚ್ಚಗಿದ್ದರೂ ಅಡಿಯಲ್ಲಿ ತಣ್ಣಗೆ ತೇವ ಕೂತಿರುವುದುಂಟು. ಹೊರಗಿನ ಗೂಡಾದರೆ ಅದು ನಾಯಿ ಎದ್ದು ನಿಂತು ತಿರುಗಿ ಮಲಗುವಷ್ಟು ದೊಡ್ಡದಿದ್ದರೆ ಸಾಕು. ಅದಕ್ಕಿಂತ ದೊಡ್ಡ ಗೂಡನ್ನು ನಾಯಿಯ ಮೈಬಿಸಿ ಬೆಚ್ಚಗಿಡಲಾರದು. ಒಳಗೆ ಕಂಬಳಿಗಿಂತ ಒಣಹುಲ್ಲು ಮೇಲು, ಏಕೆಂದರೆ ಕಂಬಳಿ ತೇವ ಹಿಡಿದುಕೊಳ್ಳುತ್ತದೆ. ಕೊರೆಯುವ ಚಳಿಯಿದ್ದ ರಾತ್ರಿ ಮಾತ್ರ ಯಾವ ಗೂಡನ್ನೂ ನಂಬದೆ ನಾಯಿಯನ್ನು ಒಳಗೆ ಕರೆದುಕೊಳ್ಳಿ.

ನನಗೆ ಹೆಚ್ಚು ಸಂಕಟವಾಗುವುದು ಮುದಿ ನಾಯಿಗಳನ್ನು ನೋಡಿದಾಗ. ಚಳಿಗಾಲದ ಬೆಳಿಗ್ಗೆ ಅದು ಏಳುವ ರೀತಿಯನ್ನು ಗಮನಿಸಿ. ಮೊದಲು ಮುಂಗಾಲು ಚಾಚಿ ಎದೆ ಎತ್ತುತ್ತದೆ. ಹಿಂಗಾಲು ಮಾತು ಕೇಳುವುದಿಲ್ಲ. ಒಂದು ಗಳಿಗೆ ಹಾಗೇ ಕೂತು, ಆಮೇಲೆ ಸೊಂಟ ಎಳೆದುಕೊಂಡು ಏಳುತ್ತದೆ, ನಾಲ್ಕು ಹೆಜ್ಜೆ ಕುಂಟಿ, ಬರಬರುತ್ತ ಸರಿಹೋಗುತ್ತದೆ. "ವಯಸ್ಸಾಯಿತಲ್ಲ" ಎಂದು ಬಿಟ್ಟುಬಿಡಬೇಡಿ. ಅದು ಸಂಧಿವಾತದ ನೋವು. ದಪ್ಪನೆಯ ಹಾಸಿಗೆ, ಜಾರದ ನೆಲ, ಒಮ್ಮೆಲೇ ದೂರ ಹೋಗುವ ಬದಲು ದಿನಕ್ಕೆರಡು ಮೂರು ಚಿಕ್ಕ ನಡಿಗೆ, ಇಷ್ಟರಿಂದಲೇ ಎಷ್ಟೋ ಹಗುರಾಗುತ್ತದೆ. ಆದರೆ ದಯವಿಟ್ಟು ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ನಾಯಿಗೆ ವಿಷವಾಗಬಲ್ಲವು, ಯಕೃತ್ತು, ಮೂತ್ರಪಿಂಡ ಕೆಡುತ್ತವೆ. ನಾಯಿಗೆಂದೇ ಇರುವ ಔಷಧಿಯನ್ನು ಪಶುವೈದ್ಯರು ತೂಕ ನೋಡಿ ಕೊಡುತ್ತಾರೆ.

ಊಟದ ವಿಷಯ ಸರಳ. ಹೊರಗೇ ಇದ್ದು ಓಡಾಡುವ ನಾಯಿಗೆ ಒಂದಿಷ್ಟು ಹೆಚ್ಚು ಬೇಕು. ಮನೆಯೊಳಗೆ ಮುದುಡಿ ಮಲಗುವುದಕ್ಕೆ ಬೇಡ, ಬೊಜ್ಜು ಬಂದರೆ ಕೀಲುಗಳಿಗೇ ಭಾರ. ನೀರನ್ನು ಚಳಿಯಲ್ಲಿ ಕೆಲವು ನಾಯಿಗಳು ಕಡಿಮೆ ಕುಡಿಯುತ್ತವೆ, ಸ್ವಲ್ಪ ಬೆಚ್ಚಗೆ ಮಾಡಿಟ್ಟರೆ ಮೂತಿ ಹಾಕುತ್ತವೆ.

ಹಿಮ ಬೀಳುವಲ್ಲಿ ಇನ್ನೆರಡು ಎಚ್ಚರಿಕೆ. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಅಂಗಾಲನ್ನು ಉರಿಸುತ್ತದೆ, ನಾಯಿ ಅದನ್ನು ನೆಕ್ಕಿದರೆ ವಾಂತಿಯಾಗುತ್ತದೆ. ಮನೆಗೆ ಬಂದ ಕೂಡಲೇ ಕಾಲು ತೊಳೆದು ಒರೆಸಿ. ಇನ್ನೊಂದು, ವಾಹನಗಳ ರೇಡಿಯೇಟರ್‌ಗೆ ಹಾಕುವ ಆಂಟಿಫ್ರೀಜ್. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕುತ್ತದೆ. ತುಸುವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ನಿಂತುಹೋಗಬಹುದು. ಚೆಲ್ಲಿದ್ದನ್ನು ಆಗಲೇ ಒರೆಸಿ. ನೆಕ್ಕಿದ ಅನುಮಾನ ಬಂದರೂ ಸಾಕು, ಲಕ್ಷಣ ಕಾಣಲಿ ಎಂದು ಕಾಯದೆ ವೈದ್ಯರಲ್ಲಿಗೆ ಓಡಿ.

ನಾಯಿಯ ಮೈಯ ಸಹಜ ಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 37ಕ್ಕಿಂತ ಕೆಳಗಿಳಿದರೆ ಅಪಾಯ. ಮೊದಲು ನಡುಗುತ್ತದೆ, ಮಂಕಾಗುತ್ತದೆ, ಹೆಜ್ಜೆ ತಡವರಿಸುತ್ತದೆ. ನಡುಕ ನಿಂತಿತೆಂದು ಸಮಾಧಾನಪಡಬೇಡಿ. ಇನ್ನೂ ಮಂಕಾಗಿದ್ದು ನಡುಕ ಮಾತ್ರ ನಿಂತರೆ ದೇಹ ಸೋಲುತ್ತಿದೆ ಎಂದೇ ತಿಳಿಯಿರಿ. ಒದ್ದೆಯಿದ್ದರೆ ಒರೆಸಿ, ಒಣ ಕಂಬಳಿ ಸುತ್ತಿ, ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಯ ಪಕ್ಕ ಇಡಿ. ನೇರ ಬೆಂಕಿಗೆ ಒಡ್ಡಬೇಡಿ. ಕಿವಿಯ ತುದಿ, ಬಾಲದ ತುದಿ ಬಿಳಿಚಿ ಗಟ್ಟಿಯಾಗಿದ್ದರೆ ಉಜ್ಜಬೇಡಿ, ಉಜ್ಜಿದರೆ ಚರ್ಮ ಹಾಳಾಗುತ್ತದೆ. ಹಾಗೇ ವೈದ್ಯರ ಬಳಿ ಒಯ್ಯಿರಿ.

ಕೊನೆಯದಾಗಿ ಒಂದು ಸೂಚನೆ. ಕಳೆದ ವರ್ಷ ಚಳಿಗೆ ಜಗ್ಗದ ನಾಯಿ ಈ ವರ್ಷ ಸದಾ ಬಿಸಿಲು, ಬೆಚ್ಚನೆಯ ಮೂಲೆ ಹುಡುಕುತ್ತಿದ್ದರೆ, ಜೊತೆಗೆ ಮೈ ದಪ್ಪವಾಗಿ ಕೂದಲು ಉದುರುತ್ತಿದ್ದರೆ, ಚಳಿಯನ್ನಷ್ಟೇ ದೂರಬೇಡಿ. ಥೈರಾಯ್ಡ್ ಕುಂದಿದಾಗಲೂ ಹೀಗೇ ಆಗುತ್ತದೆ. ರಕ್ತಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ, ಅದಕ್ಕೆ ಒಳ್ಳೆಯ ಔಷಧಿಯೂ ಇದೆ.

ನಮಸ್ಕಾರ.