ಬೀಜವೂ ಗೊಬ್ಬರವೂ ಮನೆಯಲ್ಲೇ ಹುಟ್ಟಲಿ

ಕೇಳುಗರೇ, ನಮಸ್ಕಾರ.

ನಾವು ತಿನ್ನುವುದರಲ್ಲಿ ಸ್ವಲ್ಪವನ್ನಾದರೂ ನಾವೇ ಬೆಳೆದುಕೊಳ್ಳಬೇಕು ಅನ್ನುವ ಆಸೆ ತುಂಬಾ ಜನರಿಗಿದೆ. ಆದರೆ ಶುರು ಮಾಡುವಾಗಲೇ ಹೊಸ ಕುಂಡ, ಚೀಲದ ಮಣ್ಣು, ಪೊಟ್ಟಣದ ಬೀಜ, ಡಬ್ಬಿ ಗೊಬ್ಬರ ಅಂತ ಕೈಯಲ್ಲಿದ್ದ ದುಡ್ಡು ಖಾಲಿಯಾಗುತ್ತದೆ. ಹಾಗೆ ಬೆಳೆದ ಟೊಮೆಟೊ ಅಂಗಡಿಯದಕ್ಕಿಂತ ದುಬಾರಿ ಬೀಳುತ್ತದೆ. ಕೈ ಬಿಗಿ ಇರುವ ಮನೆಯಲ್ಲಿ ಕೈತೋಟ ನಡೆಯಬೇಕಾದರೆ ಬೀಜ, ಗೊಬ್ಬರ ಎರಡೂ ಮನೆಯಲ್ಲೇ ಹುಟ್ಟಬೇಕು. ಇವತ್ತು ಮುಖ್ಯವಾಗಿ ಆ ವಿಷಯ ಮಾತಾಡೋಣ.

ಮೊದಲು ಏನು ಬೆಳೆಯುವುದು? ದವಸಧಾನ್ಯದ ಯೋಚನೆ ಸದ್ಯಕ್ಕೆ ಬೇಡ. ಅದಕ್ಕೆ ಜಾಗ ಜಾಸ್ತಿ ಬೇಕು, ಕೊಂಡರೂ ಅಷ್ಟು ಭಾರವಾಗುವುದಿಲ್ಲ. ಬೇಗ ಬಾಡುವಂಥದ್ದು, ವಾರಕ್ಕೆ ಎರಡು ಮೂರು ಸಲ ಕೊಳ್ಳಬೇಕಾದದ್ದು ಬೆಳೆಯಿರಿ. ಅಂದರೆ ಸೊಪ್ಪು. ದಿನಕ್ಕೆ ಮೂರು ನಾಲ್ಕು ಗಂಟೆ ಬಿಸಿಲು ಸಿಕ್ಕರೂ ಸೊಪ್ಪು ಬರುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿಗಾದರೆ ಆರು ಗಂಟೆಯಾದರೂ ಬೇಕು. ದಂಟಿನ ಸೊಪ್ಪನ್ನು ಬೇರುಸಹಿತ ಕೀಳಬೇಡಿ. ಬುಡದಲ್ಲಿ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ.

ಇನ್ನು ಗೊಬ್ಬರ. ತರಕಾರಿ ಸಿಪ್ಪೆ ಒಂದು ಪಾಲಾದರೆ ತರಗೆಲೆ, ಒಣಹುಲ್ಲು ಎರಡು ಮೂರು ಪಾಲು ಇರಲಿ. ಜನ ಎಡವುವುದು ಇಲ್ಲೇ. ಬರೀ ಸಿಪ್ಪೆ ತುಂಬುತ್ತಾರೆ, ಅದು ಕೊಳೆತು ನಾರುತ್ತದೆ. ಗೊಬ್ಬರ ಕೆಟ್ಟುಹೋಯಿತು ಅಂತ ಎಸೆದುಬಿಡುತ್ತಾರೆ. ಅದಕ್ಕೆ ಬೇಕಾಗಿದ್ದದ್ದು ಒಂದು ಬುಟ್ಟಿ ತರಗೆಲೆ, ಸ್ವಲ್ಪ ಗಾಳಿ, ಅಷ್ಟೇ. ನಾರಿದರೆ ಒಣಗಿದ್ದನ್ನು ಸೇರಿಸಿ ತಿರುವಿ ಹಾಕಿ. ಸುಮ್ಮನೆ ಒಣಗಿ ಕೂತಿದ್ದರೆ ನೀರು ಚಿಮುಕಿಸಿ. ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಮಾಂಸ, ಎಣ್ಣೆ ಪದಾರ್ಥ ಹಾಕಬೇಡಿ, ಇಲಿ ಬರುತ್ತವೆ. ಕೆಲವು ತಿಂಗಳಲ್ಲಿ ಅದು ಮಣ್ಣಿನ ವಾಸನೆ ಬರುವ ಕಪ್ಪು ಗೊಬ್ಬರವಾಗುತ್ತದೆ.

ನನಗೆ ಎಲ್ಲಕ್ಕಿಂತ ಪ್ರೀತಿಯ ಕೆಲಸ ಬೀಜ ಉಳಿಸುವುದು. ಪ್ರತಿ ಸಲ ಬೀಜ ಕೊಳ್ಳುವವರು ಎಷ್ಟೇ ಬೆಳೆದರೂ ಇನ್ನೊಬ್ಬರ ಕೈ ನೋಡಬೇಕು, ಅಲ್ವಾ? ಹುರುಳಿಕಾಯಿ, ಟೊಮೆಟೊದಿಂದ ಶುರು ಮಾಡಿ. ಇವು ಹೆಚ್ಚಾಗಿ ತಮ್ಮ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತವೆ, ಹಾಗಾಗಿ ತಳಿ ಬೆರೆಯುವುದು ಕಡಿಮೆ. ಹೈಬ್ರಿಡ್ ಬೇಡ, ಅದರ ಬೀಜದಲ್ಲಿ ತಾಯಿಗಿಡದ ಗುಣ ಹಾಗೇ ಬರುವುದಿಲ್ಲ. ಹುರುಳಿಕಾಯಿಯಾದರೆ ಚೆನ್ನಾಗಿರುವ ಒಂದು ಗಿಡವನ್ನು ಕೊಯ್ಯದೆ ಬಿಟ್ಟುಬಿಡಿ. ಕಾಯಿ ಗಿಡದಲ್ಲೇ ಒಣಗಿ ಗಲಗಲ ಅನ್ನುವಾಗ ಬಿಡಿಸಿ. ಟೊಮೆಟೊ ಬೀಜವನ್ನು ಲೋಳೆಯ ಸಮೇತ ಲೋಟದಲ್ಲಿ ಎರಡು ಮೂರು ದಿನ ಬಿಟ್ಟರೆ ಹುಳಿಯುತ್ತದೆ, ಲೋಳೆ ಬಿಡುತ್ತದೆ. ಆಮೇಲೆ ತೊಳೆದು ನೆರಳಲ್ಲಿ ಒಣಗಿಸಿ.

ಕುಂಬಳ, ಸೋರೆ ಜಾತಿಯವುಗಳಲ್ಲಿ ಎಚ್ಚರ ಬೇಕು. ಜೇನುನೊಣ ಬೇರೆ ಬೇರೆ ತಳಿಗಳ ಪರಾಗ ಬೆರೆಸಿಬಿಡುತ್ತದೆ. ಅಂಥ ಬೀಜದಿಂದ ಬಂದ ಕಾಯಿ ಕೆಲವೊಮ್ಮೆ ಕಹಿಯಾಗಿರುತ್ತದೆ, ಆ ಕಹಿ ವಿಷ. ಬೇಯಿಸಿದರೂ ಹೋಗುವುದಿಲ್ಲ. ನಾಲಗೆಗೆ ಕಹಿ ಹತ್ತಿದ ಕೂಡಲೇ ಉಗುಳಿ, ಇಡೀ ಕಾಯಿಯನ್ನು ಎಸೆಯಿರಿ.

ಒಣಗಿದ ಬೀಜವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಂಪಾದ ಕತ್ತಲೆ ಜಾಗದಲ್ಲಿಡಿ. ಈರುಳ್ಳಿ ಬೀಜ ಒಂದೆರಡು ವರ್ಷಕ್ಕೆ ಕಸುವು ಕಳೆದುಕೊಳ್ಳುತ್ತದೆ. ಹುರುಳಿಕಾಯಿ ಬೀಜ ಮೂರು ವರ್ಷ ಇರುತ್ತದೆ, ಟೊಮೆಟೊದ್ದು ಇನ್ನೂ ಜಾಸ್ತಿ. ಅನುಮಾನ ಬಂದರೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಐದೇ ಮೊಳೆತರೆ ಬಿತ್ತುವಾಗ ಎರಡು ಪಟ್ಟು ಹಾಕಿ.

ತಾನಾಗಿ ಬೆಳೆದದ್ದನ್ನು ಆರಿಸಿ ತರುವುದೂ ಒಂದು ದಾರಿಯೇ. ಆದರೆ ನೂರಕ್ಕೆ ನೂರು ಗುರುತು ಸಿಕ್ಕದ್ದನ್ನು ಬಾಯಿಗೆ ಇಡಬಾರದು. ಕಾಡಿನ ಅಣಬೆಯನ್ನಂತೂ ಬಲ್ಲವರು ಜೊತೆಗಿಲ್ಲದೆ ಮುಟ್ಟಬೇಡಿ. ಕೆಲವು ಅಣಬೆಗಳ ವಿಷ ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಶುರುವಾಗುವುದೇ ಆರೇಳು ಗಂಟೆಯ ಮೇಲೆ. ವಾಹನ ಓಡಾಡುವ ರಸ್ತೆಯ ಪಕ್ಕದ್ದು, ಕಳೆನಾಶಕ ಹೊಡೆದ ಜಾಗದ್ದು ಬೇಡ. ಬೇರೆಯವರ ಜಾಗವಾದರೆ ಕೇಳಿಕೊಂಡು ಕೀಳಿ.

ಮೊದಲ ಸಲ ಆರಿಸಲು ದೂರ ಹೋಗಬೇಕಾಗಿಲ್ಲ. ಗೋಣಿ ಸೊಪ್ಪು ಜಗತ್ತಿನ ಬಹುಪಾಲು ಕಡೆ ಕಳೆಯಾಗಿ ಬೆಳೆಯುತ್ತದೆ. ನಿಮ್ಮ ಪಾತಿಯಲ್ಲೂ ಇರಬಹುದು. ದಪ್ಪ ನುಣುಪು ಎಲೆ, ಕೆಂಪು ಛಾಯೆಯ ಕಾಂಡ, ಸ್ವಲ್ಪ ಹುಳಿ. ನೆಲಕ್ಕೆ ಹರಡುವ ಇನ್ನೊಂದು ಗಿಡ ನೋಡಲು ಸ್ವಲ್ಪ ಹೀಗೇ ಇರುತ್ತದೆ, ಅದನ್ನು ಮುರಿದರೆ ಬಿಳಿ ಹಾಲು ಬರುತ್ತದೆ. ಹಾಲು ಬಂದರೆ ಬಿಟ್ಟುಬಿಡಿ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಗೋಣಿ ಸೊಪ್ಪು ತಿನ್ನುವ ಮೊದಲು ವೈದ್ಯರನ್ನು ಕೇಳಿ. ಉಳಿದವರು ಮುಂದಿನ ಸಲ ಕಳೆ ಕೀಳುವಾಗ ಪಕ್ಕದಲ್ಲಿ ಒಂದು ಬುಟ್ಟಿ ಇಟ್ಟುಕೊಳ್ಳಿ. ನಮಸ್ಕಾರ.