ಕಣದಲ್ಲಿ ತೂರಿ ಬಂದ ಪದ: 'ಕ್ರಿಟಿಕೋಸ್'

ನಮಸ್ಕಾರ. ಆಸ್ಪತ್ರೆಯಲ್ಲಿ ಡಾಕ್ಟರು 'ಪೇಷಂಟ್ ಕ್ರಿಟಿಕಲ್' ಅಂದರೆ ಎದೆ ಧಸಕ್ ಅನ್ನುತ್ತದೆ. ಸಿನಿಮಾ ಕ್ರಿಟಿಕ್ ಎರಡೂವರೆ ಸ್ಟಾರ್ ಕೊಟ್ಟರೆ ನಾವು ಸುಮ್ನೆ ಮುಂದಕ್ಕೆ ಹೋಗುತ್ತೇವೆ. ಸಾವು ಬದುಕಿನ ಮಾತಿಗೂ ಸ್ಟಾರ್ ಕೊಡುವವರಿಗೂ ಒಂದೇ ಪದ ಯಾಕೆ?

[ಪರದೆಯ ಮೇಲೆ: ಕ್ರಿಟಿಕೋಸ್]

ಇದು ಗ್ರೀಕ್ ಗುಣವಾಚಕ. 'ತೀರ್ಪು ಕೊಡಬಲ್ಲ' ಎಂದು ಅರ್ಥ. ಇದರ ಬೆನ್ನಿಗಿರುವ ಕ್ರಿಯಾಪದ 'ಕ್ರಿನೇನ್'. ಬೇರೆ ಮಾಡು, ಆರಿಸು, ತೀರ್ಮಾನಿಸು, ಮೂರಕ್ಕೂ ಇದೇ ಪದ.

[ಚಿತ್ರ: ಕಣದಲ್ಲಿ ರಾಶಿ ತೂರುತ್ತಿರುವುದು]

ಹೋಮರನ 'ಇಲಿಯಡ್' ಕಾವ್ಯದ 5ನೇ ಭಾಗದಲ್ಲಿ ಒಂದು ಯುದ್ಧ ನಡೆಯುತ್ತಿದೆ. ಕುದುರೆಗಳ ಕಾಲಿನ ಧೂಳು ಮೆತ್ತಿ ಗ್ರೀಕ್ ಸೈನಿಕರು ಬೆಳ್ಳಗಾಗಿದ್ದಾರೆ. ಹೇಗೆ ಬೆಳ್ಳಗೆ? ಕಣದಲ್ಲಿ ತೂರುವಾಗ ಹೊಟ್ಟಿನ ಗುಡ್ಡೆ ಬೆಳ್ಳಗಾಗುತ್ತದಲ್ಲ, ಹಾಗೆ. ಗಾಳಿ ಬೀಸುತ್ತಿದೆ, ಬೆಳೆಯ ದೇವತೆ ಡಿಮೀಟರ್ ಕಾಳು ಬೇರೆ, ಹೊಟ್ಟು ಬೇರೆ ಮಾಡುತ್ತಿದ್ದಾಳೆ. ಅವಳ ಆ ಕೆಲಸಕ್ಕೆ ಹೋಮರ್ ಬಳಸಿದ್ದು ಇದೇ ಕ್ರಿಯಾಪದ! ಸುಗ್ಗಿಯಲ್ಲಿ ಮೊರ ಹಿಡಿದು ಗಾಳಿಗೆ ಕಾದವರಿಗೆ ಈ ಸಾಲನ್ನು ಬಿಡಿಸಿ ಹೇಳಬೇಕಾಗಿಲ್ಲ. ಲ್ಯಾಟಿನ್‌ನಲ್ಲಿ ಜರಡಿಗೆ 'ಕ್ರಿಬ್ರುಮ್' ಅನ್ನುತ್ತಾರೆ. ಅದೂ ಇದೇ ಬೇರಿನದು.

ಹಾಗಾಗಿ ಕ್ರಿಟಿಕ್ ಅಂದರೆ ಬರೀ ತಪ್ಪು ಹುಡುಕುವವನು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ತೂರುವುದು ಹೊಟ್ಟಿನ ಮೇಲಿನ ಸಿಟ್ಟಿಗಲ್ಲ, ಕಾಳು ಬೇಕು ಅಂತ.

ಪ್ಲೇಟೋ ಈ ಗುಣವಾಚಕವನ್ನು ಚೆನ್ನಾಗಿ ಅಳೆದಿದ್ದಾನೆ. 'ಸ್ಟೇಟ್ಸ್‌ಮನ್' ಸಂವಾದದಲ್ಲಿ ಅರಿವನ್ನು ಎರಡು ಪಾಲು ಮಾಡುತ್ತಾನೆ: ತೀರ್ಮಾನಿಸುವ ಅರಿವು, ಅಪ್ಪಣೆ ಕೊಡುವ ಅರಿವು. ಲೆಕ್ಕ ಬಲ್ಲವನು ಸರಿಯೋ ತಪ್ಪೋ ಹೇಳಿದರೆ ಅವನ ಕೆಲಸ ಮುಗಿಯಿತು. ಮನೆ ಕಟ್ಟಿಸುವ ಮೇಸ್ತ್ರಿ ಹಾಗಲ್ಲ, ಕೆಲಸ ಮುಗಿಯುವ ತನಕ ಆಳುಗಳಿಗೆ ಹೇಳುತ್ತಲೇ ಇರಬೇಕು. 'ಕ್ರಿಟಿಕೋಸ್' ಮೊದಲನೆಯವನ ಗುಣ.

[ಚಿತ್ರ: ಹಳೆಯ ಗ್ರೀಕ್ ವೈದ್ಯ, ಹಾಸಿಗೆಯಲ್ಲಿ ರೋಗಿ]

ಸರಿ, ಆಸ್ಪತ್ರೆಗೆ ವಾಪಸ್ ಬರೋಣ. ಇದೇ ಕ್ರಿಯಾಪದದಿಂದ ಬಂದ ನಾಮಪದ 'ಕ್ರಿಸಿಸ್', ಅಂದರೆ ತೀರ್ಪು. ಹಿಪಾಕ್ರಟಿಸ್ ಪರಂಪರೆಯ ವೈದ್ಯರು ಜ್ವರ ಬಂದ ದಿನಗಳನ್ನು ಎಣಿಸುತ್ತಿದ್ದರು. 4, 7, 11, 14, ಹೀಗೆ. ಆ ದಿನಗಳಲ್ಲಿ ಕಾಯಿಲೆ ಒಂದು ಕಡೆಗೆ ತಿರುಗುತ್ತದೆ, ರೋಗಿ ಉಳಿಯುತ್ತಾನೆ ಅಥವಾ ಹೋಗುತ್ತಾನೆ ಎಂದು ನಂಬಿದ್ದರು. ಆ ತಿರುವೇ ಕ್ರಿಸಿಸ್. ಇಲ್ಲಿ ತೀರ್ಪು ಕೊಡುವುದು ಮನುಷ್ಯ ಅಲ್ಲ, ಕಾಯಿಲೆ. ಐಸಿಯು ಬಾಗಿಲಲ್ಲಿ ನಾವು ಕೇಳುವ 'ಕ್ರಿಟಿಕಲ್' ಈ ದಾರಿಯಲ್ಲಿ ಬಂದದ್ದು.

ಅಂದಹಾಗೆ, 'ಹಿಪಾಕ್ರಿಟ್' ಅನ್ನುವ ಬೈಗುಳದೊಳಗೂ ಇದೇ ಕ್ರಿನೇನ್ ಕೂತಿದೆ. ಗ್ರೀಕರಲ್ಲಿ ಅದು ನಾಟಕದ ನಟನ ಹೆಸರು, ಬೈಗುಳವೇ ಅಲ್ಲ. ಪಾಪ, ನಟ ಕಪಟಿಯಾದದ್ದು ಹೇಗೆ? ಅದು ಮುಂದಿನ ವಿಡಿಯೋಗೆ.