ಮೂಸಂಬಿಯ ಮೇಲೊಂದು ದಾರ

ಕೇಳುಗರಿಗೆ ನಮಸ್ಕಾರ. ಮಕ್ಕಳು ಅಮೆರಿಕದ ವಿಮಾನ ಹತ್ತಿದರು ಅಂದರೆ, ಅವರು ಇಳಿಯುವವರೆಗೂ ನಿದ್ದೆ ಮಾಡದ ಅಪ್ಪ ಅಮ್ಮಂದಿರಿಗೆ ನನ್ನ ಇವತ್ತಿನ ಮಾತು.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಹಾರಿದರೆ ಸುಮಾರು 14 ಸಾವಿರ ಕಿಲೋಮೀಟರ್. 16ರಿಂದ 17 ಗಂಟೆ ಬೇಕು. ಆದರೆ ಈ ‘ನೇರ’ ಅನ್ನುವ ಮಾತಿನಲ್ಲೇ ಎಲ್ಲರೂ ಎಡವುವುದು.

ಅರಸೀಕೆರೆಯಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಮಗಳು ಆ ವಿಮಾನ ಹತ್ತಿದ ದಿನ ಮೊಬೈಲಿನಲ್ಲಿ ಅದರ ದಾರಿ ನೋಡುತ್ತಾ ಕೂತಿದ್ದರು. ಸಂಜೆ ಗಾಬರಿಯಿಂದ ಫೋನ್ ಮಾಡಿದರು. “ಅಮೆರಿಕ ಇರೋದು ಪಶ್ಚಿಮಕ್ಕಲ್ವೇನೋ? ಇದು ಚೀನಾ ಕಡೆ ಹೋಗ್ತಾ ಇದೆ ಕಣೋ!” ದನಿ ನಡುಗುತ್ತಿತ್ತು. ಆ ವಾರ ನಾನೂ ಊರಿನಲ್ಲೇ ಇದ್ದೆ. ಫೋನಿನಲ್ಲಿ ಹೇಳಿದರೆ ಆಗುವುದಿಲ್ಲ ಅಂತ ಮನೆಗೇ ಹೋದೆ.

ಅಡುಗೆಮನೆಯಲ್ಲಿ ಒಂದು ಮೂಸಂಬಿ ಸಿಕ್ಕಿತು. ತೊಟ್ಟಿನ ಜಾಗ ಉತ್ತರ ಧ್ರುವ ಅಂದುಕೊಳ್ಳಿ ಎಂದೆ. ನಡುವಿಗಿಂತ ತುಸು ಮೇಲೆ ಪೆನ್ನಿನಲ್ಲಿ ಒಂದು ಚುಕ್ಕೆ, ಅದು ಬೆಂಗಳೂರು. ಹಣ್ಣಿನ ಹಿಂಬದಿಗೆ, ಇನ್ನಷ್ಟು ಮೇಲೆ, ಸ್ಯಾನ್ ಫ್ರಾನ್ಸಿಸ್ಕೋ. ಹೂ ಕಟ್ಟುವ ದಾರವನ್ನು ಎರಡೂ ಚುಕ್ಕೆಗೆ ಹಿಡಿದು ಬಿಗಿಯಾಗಿ ಎಳೆಯಿರಿ ಅಂದೆ. ಚಿಕ್ಕಮ್ಮ ಎಳೆದರು. ದಾರ ಸೊಂಟದ ಸುತ್ತ ನಿಲ್ಲಲೇ ಇಲ್ಲ. ಜಾರಿ ಜಾರಿ ತೊಟ್ಟಿನ ಹತ್ತಿರ ಹೋಗಿ ಕೂತಿತು! ಚಿಕ್ಕಮ್ಮ ಅದನ್ನು ಬೆರಳಿನಿಂದ ಕೆಳಕ್ಕೆ ತಳ್ಳಿದರು, ದಾರ ಸಾಲದೆ ಹೋಯಿತು. “ಅಯ್ಯೋ, ಇದೇ ಹತ್ತಿರದ ದಾರಿ” ಅಂತ ಅವರೇ ಹೇಳಿದರು.

ಅಷ್ಟೇ ವಿಷಯ. ಭೂಮಿ ದುಂಡಗಿದೆ, ಗೋಡೆಯ ಮೇಲಿನ ನಕ್ಷೆ ಚಪ್ಪಟೆ. ಆ ನಕ್ಷೆಯಲ್ಲಿ ಸ್ಕೇಲಿಟ್ಟು ಪಶ್ಚಿಮಕ್ಕೆ ಗೆರೆ ಎಳೆದು ಹಾಗೇ ಹೋದರೆ ಸುಮಾರು 20 ಸಾವಿರ ಕಿಲೋಮೀಟರ್ ಆಗುತ್ತದೆ. ಶಾಲೆಯಲ್ಲಿ ಕಲಿತದ್ದನ್ನು ಯಾಕೆ ಹೀಗೆ ಮರೆಯುತ್ತೇವೋ! ಸ್ಕೇಲು ಬಿಡಿ, ದಾರ ಹಿಡಿಯಿರಿ.

2021ರ ಜನವರಿ 9ರಂದು ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಉತ್ತರ ಧ್ರುವದ ಮೇಲೆಯೇ ಹಾರಿ ಬೆಂಗಳೂರಿಗೆ ಬಂತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಯ ಪೈಲಟ್‌ಗಳು. ಎಲ್ಲರೂ ಹೆಣ್ಣುಮಕ್ಕಳು. ಆ ಸುದ್ದಿ ಓದಿದಾಗ ನನಗಾದ ಖುಷಿ ಈಗಲೂ ಹಾಗೇ ಇದೆ.

ಸಮಯ ಮುಗೀತಾ ಬಂತು, ಬೇಗ ಹೇಳುತ್ತೇನೆ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಜೆಟ್ ಸ್ಟ್ರೀಮ್ ಅಂತ. ಅದು ಬೆನ್ನಿಗೆ ಸಿಕ್ಕಿದರೆ ಬೇಗ, ಎದುರಾದರೆ ತಡ. ಹಾಗಾಗಿ ಪೈಲಟ್ ದಾರದ ದಾರಿಯಿಂದ ಸ್ವಲ್ಪ ಆಚೀಚೆ ಹೋಗುವುದೂ ಉಂಟು. ಗಾಬರಿ ಬೇಡ.

ಇನ್ನು ಗಡಿಯಾರ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಡಿಸೆಂಬರಿನಲ್ಲಿ ಮಗಳು ಇಲ್ಲಿಂದ ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಹಾರಿದರೆ, ಅಲ್ಲಿ ಅದೇ ದಿನ ಸಂಜೆ ಐದೂವರೆ. ನಿಮಗೆ ಮರುದಿನ ಬೆಳಿಗ್ಗೆ 7 ಗಂಟೆ. ಕಾಫಿ ಕುಡಿದು ಫೋನ್ ಮಾಡಿ, ಆಗ ಇಳಿದಿರುತ್ತಾಳೆ. ನಮಸ್ಕಾರ.